ಆನೆಕಾಲು: ಸೊಳ್ಳೆಯ ಕಥೆ ಗೊತ್ತು, ಬೆರಳ ಸಂದಿನ ಕಥೆ?

ಬ್ರಹ್ಮಾವರದಿಂದ ಮಾತಾಡ್ತಾ ಇದ್ದೇನೆ. ಇವತ್ತು ನಮ್ಮ ಕರಾವಳಿ ಬಹಳ ಕಾಲ ಪಂಚೆ, ಸೀರೆಯ ಅಡಿಯಲ್ಲಿ ಮುಚ್ಚಿಟ್ಟುಕೊಂಡ ಕಾಲಿನ ಕಥೆ.

1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು, ಆನೆಕಾಲು ರೋಗದ ಹುಳುವಿನ ಮರಿ ಸೊಳ್ಳೆಯೊಳಗೆ ಬೆಳೆಯುವುದನ್ನು ಕಂಡರು. ಭಾರತದಲ್ಲಿ 1955ಕ್ಕೆ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಮೂರೂ ಕಡೆ ಈ ರೋಗ ಬೇರೂರಿತ್ತು. ಮರಿಹುಳುಗಳು ರಕ್ತದಲ್ಲಿ ಸಿಗೋದು ರಾತ್ರಿ. ಹಾಗಾಗಿ ಆರೋಗ್ಯ ಸಿಬ್ಬಂದಿ ರಾತ್ರಿಯೇ ಬಂದು ಬೆರಳು ಚುಚ್ಚಬೇಕಿತ್ತು. 2004ರಿಂದ ರೋಗ ಇರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆ ಹಂಚಿದರು.

ಇದೆಲ್ಲ ರೋಗ ಹರಡದ ಹಾಗೆ ತಡೆಯೋ ಕೆಲಸ. ಆಗಲೇ ಕಾಲು ಊದಿಕೊಂಡವರಿಗೆ ಎಂತ ಸಿಕ್ತು?

ಹುಳು ದುಗ್ಧನಾಳಗಳನ್ನು ಹಾಳು ಮಾಡುತ್ತೆ, ಕಾಲಿನಲ್ಲಿ ದ್ರವ ತುಂಬಿಕೊಳ್ಳುತ್ತೆ. ಆದರೆ ಆಗಾಗ ಬರುವ ಚಳಿಜ್ವರ, ಕಾಲು ಊರಲಾಗದ ನೋವು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸ. ಅದು ಒಳಗೆ ಬರೋದು ಬೆರಳ ಸಂದಿನ ಬಿರುಕಿನಿಂದ. ಒಂದೊಂದು ಜ್ವರ ಬಂದುಹೋದಾಗಲೂ ಕಾಲು ಇನ್ನಷ್ಟು ದಪ್ಪ. ನಟ್ಟಿ ಹೊತ್ತಲ್ಲಿ ಜ್ವರ ಬಂದರೆ ಮಲಗಿದಷ್ಟು ದಿನ ಕೂಲಿಯೂ ಇಲ್ಲ.

2000ದಲ್ಲಿ ಶುರುವಾದ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಕಾರ್ಯಕ್ರಮ, ರೋಗ ತಡೆಯುವುದರ ಜೊತೆಗೆ ಬಾಧೆಪಡುವವರ ಆರೈಕೆಯನ್ನೂ ಗುರಿಯಾಗಿ ಇಟ್ಟುಕೊಂಡಿತು. ಇತ್ತ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಅಲೋಪತಿ ಮತ್ತು ಆಯುರ್ವೇದದ ವೈದ್ಯರನ್ನು ಒಟ್ಟಿಗೆ ಕೂರಿಸಿತು. ಸೋಪಿನಲ್ಲಿ ತೊಳೆಯೋದು, ಒರೆಸೋದು, ಕಷಾಯದಲ್ಲಿ ಕಾಲು ನೆನೆಸೋದು, ಯೋಗ, ಬಿಗಿ ಬ್ಯಾಂಡೇಜ್. ಮನೆಯವರಿಗೂ ಕಲಿಸಿದರು. ಮುಂದೆ ಇದೇ ಕ್ರಮವನ್ನು ಕಲಬುರಗಿ, ಆಲಪ್ಪುಳ ಜಿಲ್ಲೆಗಳ ಊರುಗಳಲ್ಲೂ ಮಾಡಿ ನೋಡಿದರು.

ನನಗೆ ಇಲ್ಲಿ ಕಾಣೋದು ಇಷ್ಟೇ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವ ಊರು ನಮ್ಮದು. ಅರ್ಧ ಕೆಲಸ ನಮ್ಮ ಹಿರಿಯರ ಅಭ್ಯಾಸದಲ್ಲೇ ಇತ್ತು. ಉಳಿದ ಅರ್ಧ, ಅಂದ್ರೆ ಬೆರಳ ಸಂದಿ ಒಣಗುವ ತನಕ ಒರೆಸೋದು, ಮಳೆಗಾಲದ ನಾಡಿನಲ್ಲಿ ನಾವು ಬಿಟ್ಟುಬಿಡ್ತೇವೆ.

ಮನೆಯಲ್ಲಿ ಯಾರಿಗಾದರೂ ಊದಿದ ಕಾಲು ಇದ್ದರೆ ದಿನಾ ತೊಳೆದು ಒರೆಸಿ. ಕೂತಾಗ ಕಾಲು ಎತ್ತರದಲ್ಲಿಡಲಿ, ಹೊರಗೆ ಹೋಗುವಾಗ ಮೆಟ್ಟು ಹಾಕಲಿ. ಬೆರಳ ಸಂದಿ ಬೆಳ್ಳಗಾಗಿ ಕೊಳೆತಿದ್ದರೆ, ಜ್ವರ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಹಳೇ ಊತ ಪೂರ್ತಿ ಹೋಗದೇ ಇರಬಹುದು. ಆದರೆ ಜ್ವರ ಬರೋದು ಕಡಿಮೆಯಾದರೆ ಅವರು ಮತ್ತೆ ಗದ್ದೆಗೆ, ಪೇಟೆಗೆ, ಮದುವೆಮನೆಗೆ ಹೋಗಬಹುದು.