ಲಖನೌದ ನಾಲ್ಕು ದಿನ ಮತ್ತು ನಮ್ಮ ಮೈದಾನ

ಕಾರ್ಗಲ್‌ನ ಶಾಲೆಯೊಂದರ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಲಖನೌದ ಹಾಕಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ನಾವು ಓದುವಾಗ ಹಾಕಿ ಸ್ಟಿಕ್ ಹಿಡಿದವರೇ ಅಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕದ್ದುಮುಚ್ಚಿ ಕ್ರಿಕೆಟ್, ಇಷ್ಟೇ ನಮ್ಮ ಆಟ. ಆದರೂ 2016ರ ಡಿಸೆಂಬರ್ 15ರಿಂದ 18ರವರೆಗಿನ ಆ ನಾಲ್ಕು ದಿನಗಳ ಬಗ್ಗೆ ಬರೆಯಬೇಕೆನಿಸಿದೆ. ಕಾರಣ ಕೊನೆಯಲ್ಲಿದೆ.

ಜೂನಿಯರ್ ವಿಶ್ವಕಪ್ ಹಾಕಿ 21 ವರ್ಷದೊಳಗಿನ ಹುಡುಗರ ಪಂದ್ಯಾವಳಿ. 1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ನಮ್ಮವರು ಫೈನಲ್ ತಲುಪಿ ಆಸ್ಟ್ರೇಲಿಯಾಕ್ಕೆ 3-2ರಲ್ಲಿ ಸೋತರು. 2001ರಲ್ಲಿ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಬಗ್ಗುಬಡಿದು ಕಪ್ ತಂದರು. ಆ ತಂಡದಲ್ಲಿ ನಮ್ಮ ಕೊಡಗಿನ ಅರ್ಜುನ್ ಹಾಲಪ್ಪ ಇದ್ದರು. 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೂರನೆಯ ಸ್ಥಾನದ ಪಂದ್ಯ ಪೆನಾಲ್ಟಿ ಸ್ಟ್ರೋಕ್‌ವರೆಗೆ ಹೋಗಿ ಸ್ಪೇನ್ ಪಾಲಾಯಿತು. ಆಮೇಲೆ ಹೇಳಿಕೊಳ್ಳುವಂಥದ್ದು ಇಲ್ಲ. 2013ರಲ್ಲಿ ದೆಹಲಿಯಲ್ಲೇ ನಡೆದರೂ ಕೈಗೆ ಸಿಗಲಿಲ್ಲ.

ಹಾಗಾಗಿ ಲಖನೌದ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ಸ್ಪೇನ್ ಮೊದಲ ಗೋಲು ಹೊಡೆದಾಗ, ಇದೂ ಅದೇ ಕಥೆ ಎಂದುಕೊಂಡವರೇ ಹೆಚ್ಚು. ಪಂದ್ಯ 70 ನಿಮಿಷದ್ದು. 57ನೇ ನಿಮಿಷದವರೆಗೂ ನಮ್ಮದು ಸೊನ್ನೆ. ಆಗ ಸಿಮ್ರನ್‌ಜೀತ್ ಸಿಂಗ್ ಸಮ ಮಾಡಿದ. 66ರಲ್ಲಿ ಹರ್ಮನ್‌ಪ್ರೀತ್ ಸಿಂಗ್ ಗೆಲುವಿನ ಗೋಲು ಹೊಡೆದ. ನಾಲ್ಕೇ ನಿಮಿಷ ಉಳಿದಿತ್ತು!

ಮರುದಿನವೇ ಸೆಮಿಫೈನಲ್, ಎದುರಾಳಿ ಆಸ್ಟ್ರೇಲಿಯಾ. ಬೆಂಗಳೂರಿನ ಪಿ.ಜಿ.ಯಲ್ಲಿ ನಾನು ಟಿ.ವಿ. ಮುಂದೆ ಕೂತಿದ್ದೆ. ರೂಮಿನ ಉಳಿದವರಿಗೆಲ್ಲ ಕ್ರಿಕೆಟ್ಟೇ ದೇವರು; ಅವರ ಕೈಯಿಂದ ರಿಮೋಟ್ ಕಾಪಾಡಿಕೊಳ್ಳುವುದೇ ಒಂದು ಪಂದ್ಯ. ಮತ್ತೆ ಮೊದಲ ಗೋಲು ಎದುರಾಳಿಯದೇ. ಗುರ್ಜಂತ್ ಸಿಂಗ್ ಸಮ ಮಾಡಿದ, ಮನ್‌ದೀಪ್ ಸಿಂಗ್ ಮುನ್ನಡೆ ಕೊಟ್ಟ, ಆಸ್ಟ್ರೇಲಿಯಾ ತಿರುಗಿ 2-2 ಮಾಡಿತು.

ಮುಂದಿನದು ಶೂಟೌಟ್. ನೋಡದವರಿಗಾಗಿ ಹೇಳುತ್ತೇನೆ. ಹಿಂದೆ ಗೋಲಿನಿಂದ ಏಳು ಗಜ ದೂರದಲ್ಲಿ ಚೆಂಡಿಟ್ಟು ಒಂದೇ ತಳ್ಳು. ಗೋಲ್‌ಕೀಪರ್ ಬಹುಪಾಲು ಅಸಹಾಯಕ. ಈಗ ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ಉರುಳಿಸಿಕೊಂಡು ಬರಬೇಕು, ಎಂಟು ಸೆಕೆಂಡಿನೊಳಗೆ ಗೋಲು ಆಗಬೇಕು. ಗೋಲ್‌ಕೀಪರ್ ಮುನ್ನುಗ್ಗಿ ತಡೆಯಬಹುದು. ಅದೃಷ್ಟದ ಪಾಲು ಕಡಿಮೆ, ಎದೆಗಾರಿಕೆಯ ಪಾಲು ಜಾಸ್ತಿ. ಹಳೆಯದಕ್ಕಿಂತ ಇದೇ ನ್ಯಾಯ ಎಂದು ನನ್ನ ಲೆಕ್ಕ. ಅವತ್ತು ನಮ್ಮ ಗೋಲ್‌ಕೀಪರ್ ವಿಕಾಸ್ ದಹಿಯಾ ಎರಡು ತಡೆದ. ನಮ್ಮವರು ನಾಲ್ಕು ಹೊಡೆದರು. 4-2.

ಫೈನಲ್ ಭಾನುವಾರ, ಬೆಲ್ಜಿಯಂ ಎದುರು. ಗುರ್ಜಂತ್, ಸಿಮ್ರನ್‌ಜೀತ್ ಮೊದಲರ್ಧದಲ್ಲೇ ತಲಾ ಒಂದು ಹೊಡೆದರು. ಕೊನೆಯ ಗಳಿಗೆಯಲ್ಲಿ ಬೆಲ್ಜಿಯಂ ಒಂದು ತೀರಿಸಿತು, ಅಷ್ಟೇ. ಹದಿನೈದು ವರ್ಷದ ಮೇಲೆ ಕಪ್ ಬಂತು. ಕೋಚ್ ಹರೇಂದ್ರ ಸಿಂಗ್, ನಾಯಕ ಹರ್ಜೀತ್ ಸಿಂಗ್. ಆ ಹುಡುಗರಲ್ಲಿ ಹಲವರು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಜರ್ಮನಿಯನ್ನು 5-4ರಿಂದ ಮಣಿಸಿ ಕಂಚು ಗೆದ್ದ ಪಂದ್ಯದಲ್ಲಿ ಎರಡು ಗೋಲು ಅದೇ ಸಿಮ್ರನ್‌ಜೀತ್‌ನದು.

ಈಗ ಕಾರಣಕ್ಕೆ ಬರುತ್ತೇನೆ. ಲಖನೌದ ಆ 18 ಹುಡುಗರಲ್ಲಿ ಕರ್ನಾಟಕದವನು ಒಬ್ಬನೂ ಇರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ಕೊಡಗಿನ ನಾಲ್ವರು ಆಡಿದ್ದರು. ಎಂ.ಪಿ. ಗಣೇಶ್, ಗೋವಿಂದ, ಸೋಮಯ್ಯ ಅವರ ಕಾಲದಿಂದ ಹರಿದುಬಂದ ಸಾಲು ಅದು. ಹಿರಿಯರ ತಂಡದಲ್ಲಿ ನಾಲ್ವರು, ಕಿರಿಯರಲ್ಲಿ ಸೊನ್ನೆ. ಐದು ವರ್ಷ ಕಳೆದು ಟೋಕಿಯೊಗೆ ಹೋದ ಪುರುಷರ ತಂಡದಲ್ಲೂ ನಮ್ಮ ರಾಜ್ಯದವರಿಲ್ಲ. ಬುಡದಲ್ಲಿ ಒಣಗಿದ್ದು ತುದಿಯಲ್ಲಿ ಕಂಡಿತು. ಕಪ್ ಬಂದ ಖುಷಿಯಲ್ಲಿ ಆಗ ಇದನ್ನು ಲೆಕ್ಕ ಹಾಕಿದವರು ಕಡಿಮೆ.

ಮಳೆಯ ನೆಪ ಹೇಳುವ ಹಾಗಿಲ್ಲ. ಕೊಡಗಿನದೂ ನಮ್ಮಂತೆಯೇ ಜಡಿಮಳೆ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಹಾಕಿ ಹಬ್ಬ ಶುರು ಮಾಡಿದರು. ಬೇಸಿಗೆ ರಜೆಯಲ್ಲಿ, ನೆಲ ಒಣಗಿರುವಾಗ. ದೊಡ್ಡ ಪಂದ್ಯಗಳು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಹುಲ್ಲಿನ ಮೇಲೆ ನಡೆಯುತ್ತಿವೆ, ನಿಜ. ಅದನ್ನು ಹಾಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಸ್ಟಿಕ್ ಹಿಡಿಯುವುದನ್ನು ಕಲಿಯಲು ಕಾರ್ಗಲ್‌ನ ಕೆಂಪು ಮಣ್ಣು ಸಾಕು.

ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ. 22 ಸ್ಟಿಕ್, ಒಂದು ಡಜನ್ ಚೆಂಡು, ಗೋಲ್‌ಕೀಪರ್‌ಗಳಿಗೆ ಎರಡು ಜೊತೆ ಪ್ಯಾಡ್ ಮತ್ತು ಹೆಲ್ಮೆಟ್ ಶಾಲೆಗೆ ಕೊಡಿಸುತ್ತೇವೆ. ಹುಡುಗಿಯರಿಗೂ ಸಮಪಾಲು ಆಟ ಸಿಗಬೇಕು, ಅದೊಂದೇ ಷರತ್ತು. ನವೆಂಬರ್‌ನಿಂದ ಮೇವರೆಗೆ ಮೈದಾನ ಒಣಗಿರುತ್ತದೆ. ಸಂಜೆ ಒಂದು ಗಂಟೆ ನಿಂತು ಕಲಿಸಲು ಪಿ.ಟಿ. ಮೇಷ್ಟ್ರು ಒಪ್ಪಿದರೆ, ಮುಂದಿನ ನವೆಂಬರ್‌ಗೆ ಸಾಮಾನು ಶಾಲೆಯ ಬಾಗಿಲಿಗೆ ಬರುತ್ತದೆ.