ಅಜ್ಜಾರ ಸೀಮೆಯಲ್ಲಿ ಅಯ್ಯನವರು: ಬೆಳಗಾವಿ–ಧಾರವಾಡ ಭಾಗದ ಕ್ರೈಸ್ತ ಗುರುಶಿಷ್ಯ ಸಂಬಂಧದ ಚರಿತ್ರೆ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಒಂದು ವಿರಕ್ತಮಠವಿದೆ. ಗುಡಿಯಂತೆ ಕಾಣುವ ಕಟ್ಟಡ, ಕಾವಿ ಉಟ್ಟ ಸ್ವಾಮಿಗಳು, ಸಸ್ಯಾಹಾರದ ಪಂಕ್ತಿ. ಹೆಸರು ಮಾತ್ರ ಸ್ನಾನಿಕ ಅರುಳಪ್ಪ ವಿರಕ್ತಮಠ. ಯೊರ್ದಾನ್ ಹೊಳೆಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತನನ್ನು ಕನ್ನಡ ಕಥೋಲಿಕರು ಸ್ನಾನಿಕ ಅರುಳಪ್ಪ ಎನ್ನುತ್ತಾರೆ. ಗೋವಾ ಪ್ರಾಂತ್ಯದ ಯೇಸುಸಭೆಯ ಗುರುಗಳು ಇಪ್ಪತ್ತನೆಯ ಶತಮಾನದಲ್ಲಿ ಈ ಬಗೆಯ ಬಾಳನ್ನು ಇಲ್ಲಿ ರೂಢಿಸಿಕೊಂಡರು.

ಅವರು ಈ ವೇಷವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಊರಿನಲ್ಲೇ ಇದೆ. ಸಂಗೊಳ್ಳಿ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಮಠದ ಸ್ವಾಮಿಗಳು ಜನರ ಬಾಯಲ್ಲಿ ‘ಅಜ್ಜಾರು’, ‘ಅಪ್ಪಾರು’. ಮಗಳ ಮದುವೆ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯ, ಮಗನ ಓದು, ಮನೆಯಲ್ಲಿ ಸಾವಾದಾಗಿನ ದುಃಖ ಎಲ್ಲವೂ ಅವರ ಮುಂದೆ ಬರುತ್ತವೆ. ಲಿಂಗಾಯತರ ಅಷ್ಟಾವರಣಗಳಲ್ಲಿ ಮೊದಲನೆಯದೇ ಗುರು. ಈ ಸೀಮೆಗೆ ಬಂದ ಕ್ರೈಸ್ತ ಧರ್ಮ ಗುರುವಿನ ಪೀಠವನ್ನು ಹೊಸದಾಗಿ ಹಾಕಬೇಕಿರಲಿಲ್ಲ. ಆ ಪೀಠದ ಮೇಲೆ ಯಾರು ಕೂರಬೇಕು, ಎಷ್ಟು ಕಾಲ ಕೂರಬೇಕು ಎಂಬುದನ್ನು ಮಾತ್ರ ತೀರ್ಮಾನಿಸಬೇಕಿತ್ತು. ಎರಡು ಶತಮಾನಗಳ ದಾಖಲೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗುರು ಶಿಷ್ಯನ ಜೊತೆ ಬಾಳಿ, ಅವನನ್ನು ತನ್ನ ಸರಿಸಮನಾಗಿ ಬೆಳೆಯಗೊಟ್ಟ ಕಡೆ ಸಂಬಂಧ ಫಲ ಕೊಟ್ಟಿತು. ಗುರುವೇ ಅನ್ನದಾತನೂ ಜಮೀನಿನ ಒಡೆಯನೂ ಆದ ಕಡೆ ಅದು ಸೊರಗಿತು.

ಬಳ್ಳಾರಿಯಿಂದ ಬೆಳಗಾವಿಗೆ

ಕ್ರೈಸ್ತ ಗ್ರಂಥದಲ್ಲಿ ಈ ಸಂಬಂಧದ ಮಾದರಿಗಳು ಹಲವು. ಎಲೀಯನ ಹಿಂದೆ ನಡೆದ ಎಲೀಷ, ಅತ್ತೆ ನೊವೊಮಿಯ ಕೈಬಿಡದ ರೂತಳು, ಪೌಲನ ನೆರಳಿನಲ್ಲಿ ಬೆಳೆದ ತಿಮೊಥೆ. ಎಲ್ಲರೂ ಅನುಮಾನದಿಂದ ನೋಡುತ್ತಿದ್ದ ಪೌಲನನ್ನು ಅಪೊಸ್ತಲರ ಬಳಿಗೆ ಕರೆದೊಯ್ದವನು ಬಾರ್ನಬ. ಮುಂದೆ ಮಾರ್ಕನೆಂಬ ತರುಣನಿಗೆ ಇನ್ನೊಂದು ಅವಕಾಶ ಕೊಡಬೇಕೋ ಬೇಡವೋ ಎಂಬ ವಿಷಯಕ್ಕೆ ಆ ಇಬ್ಬರೇ ಜಗಳವಾಡಿ ಬೇರೆಯಾದರು. ಶಿಷ್ಯನನ್ನು ಎಷ್ಟು ಸಹಿಸಬೇಕೆಂಬ ಪ್ರಶ್ನೆ ಸಭೆಯಷ್ಟೇ ಹಳೆಯದು.

ಬೆಳಗಾವಿಯ ಮಿಶನ್ ಹುಟ್ಟಿದ್ದೂ ಇಂಥದೊಂದು ಸಂಬಂಧದಿಂದ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಅವರು ಮೊದಲಿಗರು. ಭಾರತದಲ್ಲೇ ಹುಟ್ಟಿದ ಜೋಸೆಫ್ ಟೇಲರ್ ಬಳ್ಳಾರಿಯಲ್ಲಿ ಅವರ ಸಹಾಯಕರಾಗಿ ಪಳಗಿದವರು. ಪೇಶ್ವೆಯ ಆಡಳಿತ ಮುಗಿದು ಬೆಳಗಾವಿ ಕಂಪನಿಯ ಕೈಸೇರಿದ್ದು 1818ರಲ್ಲಿ. ಎರಡು ವರ್ಷಗಳ ನಂತರ ಟೇಲರ್ ಅಲ್ಲಿ ನೆಲೆ ನಿಂತರು. ಹ್ಯಾಂಡ್ಸ್ ಅವರ ಶಿಷ್ಯ ಈಗ ಸ್ವತಂತ್ರ ಠಾಣೆಯ ಹೊಣೆ ಹೊತ್ತ ಗುರು. ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಬಿಳಿಯರ ಬಗ್ಗೆ ಸಿಟ್ಟು ಕುದಿಯುತ್ತಿದ್ದ ಆ ವರ್ಷಗಳಲ್ಲಿ ಪಾದ್ರಿಯೊಬ್ಬರು ಗುರುವೆನಿಸಿಕೊಳ್ಳುವುದು ಸುಲಭವಿರಲಿಲ್ಲ. ಟೇಲರ್ ನಂತರ ಬಂದ ಬೆನನ್ ಮತ್ತು ಸ್ಮಿತ್ ಅವರ ಹೆಸರುಗಳು ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಉಳಿದಿವೆ. ಶಾಲೆಯ ಹುಡುಗನೊಡನೆ ವರ್ಷಗಟ್ಟಲೆ ಬೆಳೆದ ಬಳಕೆ ಬೀದಿಯ ಉಪದೇಶಕ್ಕಿಂತ ಹೆಚ್ಚು ಬಾಳಿತು.

ಮಲಸಮುದ್ರದ ಪಾಠ

ಧಾರವಾಡದ ಕಡೆ ಬಂದದ್ದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಇಳಿದ ಈ ಮಿಶನ್ 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ಠಾಣೆ ಹೂಡಿತು. ಸ್ವಲ್ಪ ಕಾಲದಲ್ಲೇ ಕಾಲಜ್ಞಾನದ ವಚನಗಳನ್ನು ನಂಬಿದ ಪಂಥವೊಂದರ ಜನ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಕಾಲಜ್ಞಾನದಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂಬ ನಿರೀಕ್ಷೆ ಅವರದು. ಸಾವಿರಾರು ಜನ ಒಟ್ಟಿಗೇ ಬರುತ್ತಾರೆಂಬ ಆಸೆ ಮಿಶನರಿಗಳದು.

ಅಂಥವರಿಗಾಗಿ ಗದಗದ ಹತ್ತಿರ ಮಲಸಮುದ್ರದಲ್ಲಿ ಜಮೀನು ಪಡೆದು 1840ರ ದಶಕದ ಆರಂಭದಲ್ಲಿ ಕ್ರೈಸ್ತ ಒಕ್ಕಲುತನದ ಊರು ಕಟ್ಟುವ ಪ್ರಯೋಗ ನಡೆಯಿತು. ನಿರೀಕ್ಷಿಸಿದ ಜನಸಂದಣಿ ಬರಲಿಲ್ಲ, ಊರು ನೆಲೆಗೊಳ್ಳಲಿಲ್ಲ. ಎರಡು ನಿರೀಕ್ಷೆಗಳು ಎದುರುಬದುರಾಗಿ ನಿಂತಿದ್ದವು. ಬಂದವರಿಗೆ ಬೇಕಾದದ್ದು ಭವಿಷ್ಯವಾಣಿಯನ್ನು ನಿಜಮಾಡುವ ಗುರು. ಮಿಶನ್ನಿಗೆ ಬೇಕಾದದ್ದು ನಿಯಮಕ್ಕೆ ಒಗ್ಗುವ ಸಭೆ. ಜೊತೆಗೆ ಉಪದೇಶ ಹೇಳುವವರೇ ಹೊಲ ಹಂಚುವವರೂ ಆಗಿದ್ದರು. ಪೀಕು ಹೋದ ವರ್ಷ ಒಕ್ಕಲಿಗ ಅವರೆದುರು ಮನಸ್ಸು ಬಿಚ್ಚಿ ಮಾತಾಡುವುದಾದರೂ ಹೇಗೆ?

ಒಬ್ಬ ಶಿಷ್ಯ, ಒಬ್ಬ ಗುರು

ಅದೇ ದಶಕದಲ್ಲಿ, ಅದೇ ಮಿಶನ್ನಿನಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದು ನಡೆಯಿತು. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು, ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ವಿದ್ಯಾರ್ಥಿ. ಮೋಗ್ಲಿಂಗ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’. ಆದರೆ ಅವರ ದಿನದ ಹೆಚ್ಚಿನ ಹೊತ್ತು ಹೋಗುತ್ತಿದ್ದುದು ಶಾಲೆಯ ಹುಡುಗರೊಡನೆ.

ಮರುವರ್ಷದ ಜನವರಿಯಲ್ಲಿ ಕೌಂಡಿನ್ಯ ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಮನೆ, ಜಾತಿ, ಬಂಧುಬಳಗ ಎಲ್ಲ ಒಂದೇ ದಿನ ಕೈಬಿಟ್ಟ ಹತ್ತೊಂಬತ್ತರ ಆಸುಪಾಸಿನ ಯುವಕನಿಗೆ ಹೊಸ ಧರ್ಮದ ತತ್ವಕ್ಕಿಂತ ಮೊದಲು ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ. ಅವರು ಗುರುವಿನ ಹೆಸರಾದ ಹೆರ್ಮನ್ ಅನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. 1846ರಲ್ಲಿ ಬಾಸೆಲ್ಲಿಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಓದಿದರು, 1851ರಲ್ಲಿ ಗುರುಪಟ್ಟ ಪಡೆದು ಮರಳಿದರು. ಬಾಸೆಲ್ ಮಿಶನ್ನಿನ ಮೊದಲ ಭಾರತೀಯ ಮಿಶನರಿ ಅವರೇ. 1847ರಲ್ಲಿ ಮೋಗ್ಲಿಂಗ್ ಆರಂಭಿಸಿದ್ದ ಮಂಗಳೂರಿನ ಸೆಮಿನರಿಯಲ್ಲಿ ಕೌಂಡಿನ್ಯ ಅಧ್ಯಾಪಕರಾದರು. ಮೋಗ್ಲಿಂಗ್ 1860ರಲ್ಲಿ ಯೂರೋಪಿಗೆ ಹಿಂದಿರುಗಿದ ಮೇಲೂ ಕೌಂಡಿನ್ಯರ ಸೇವೆ ಮೂರು ದಶಕ ನಡೆಯಿತು. 1893ರಲ್ಲಿ ಅವರು ತೀರಿಕೊಂಡರು.

ಮಲಸಮುದ್ರದಲ್ಲಿ ಸಿಗದ ಎರಡು ಅಂಶಗಳು ಇಲ್ಲಿ ಕಾಣುತ್ತವೆ. ವರ್ಷಗಟ್ಟಲೆ ಜೊತೆಗಿದ್ದು ಓದಿಸಿದ ಗುರು ಶಿಷ್ಯನನ್ನು ತನ್ನಿಂದ ದೂರ, ತನಗಿಂತ ದೊಡ್ಡ ಗುರುಗಳಿರುವ ಕಡೆಗೂ ಕಳುಹಿಸಿಕೊಟ್ಟರು. ಮರಳಿ ಬಂದವನಿಗೆ ತಮ್ಮ ಪಕ್ಕದಲ್ಲೇ ಪಾಠದ ಪೀಠ ಬಿಟ್ಟುಕೊಟ್ಟರು.

ಉಪದೇಶಿ ಮತ್ತು ಕ್ಲಾಸ್ ಲೀಡರ್

ಕೌಂಡಿನ್ಯರಂಥವರು ಅಪರೂಪ. ಹಳ್ಳಿಯ ಸಭೆಗಳನ್ನು ದಿನದಿನಕ್ಕೆ ನಡೆಸಿದವರು ಉಪದೇಶಿಗಳು, ಸಭೆಯ ಹಿರಿಯರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ವುಮನ್‌ಗಳು. ಠಾಣೆಯ ಅಯ್ಯನವರು, ಎಂದರೆ ಪಾದ್ರಿಗಳು, ಕುದುರೆಯ ಮೇಲೋ ಚಕ್ಕಡಿಯಲ್ಲೋ ಅಪರೂಪಕ್ಕೆ ಬರುವವರು. ಹೆರಿಗೆ, ಸಾಲ, ಗಂಡನ ಕುಡಿತ, ಜಾತ್ರೆಗೆ ಹೋಗಬೇಕೋ ಬೇಡವೋ ಎಂಬ ಇಕ್ಕಟ್ಟು ಇವೆಲ್ಲ ಎದುರಾದಾಗ ಕೈಗೆ ಸಿಗುತ್ತಿದ್ದವರು ಊರಿನಲ್ಲೇ ಇದ್ದ ಉಪದೇಶಿ. ಸವದತ್ತಿ ಗುಡ್ಡಕ್ಕೆ ಯಲ್ಲಮ್ಮನ ಜಾತ್ರೆಗೆ ಇಡೀ ಕೇರಿ ಹೊರಟು ನಿಂತಾಗ ಹೊಸ ಕ್ರೈಸ್ತ ಕುಟುಂಬಕ್ಕೆ ಬೇಕಾಗುವ ಧೈರ್ಯ ಪುಸ್ತಕದಿಂದ ಬರುವಂಥದ್ದಲ್ಲ.

ಈ ವ್ಯವಸ್ಥೆಗೆ ಬೆಳಗಾವಿ ಭಾಗದಲ್ಲಿ ಇನ್ನೊಂದು ರೂಪ ಸೇರಿತು. 1904ರಲ್ಲಿ ಲಂಡನ್ ಮಿಶನ್ ತನ್ನ ಬೆಳಗಾವಿ ಠಾಣೆಯನ್ನು ಅಮೆರಿಕದ ಮೆಥೋಡಿಸ್ಟರಿಗೆ ವಹಿಸಿಕೊಟ್ಟಿತು. ಬೈಲಹೊಂಗಲವೂ ಅವರ ಕೇಂದ್ರಗಳಲ್ಲೊಂದಾಯಿತು. ಮೆಥೋಡಿಸ್ಟರ ‘ಕ್ಲಾಸ್’ ಪದ್ಧತಿ ಹುಟ್ಟಿದ್ದು ಸಾಲದಿಂದ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರದ ಸಾಲ ತೀರಿಸಲು 1742ರಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಸುಮಾರು ಹನ್ನೆರಡು ಜನರ ಗುಂಪುಗಳಾದರು. ಪ್ರತಿ ಗುಂಪಿಗೂ ಒಬ್ಬ ಮುಖಂಡ. ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ಎತ್ತುವುದು ಅವನ ಕೆಲಸ. ಹಣ ಎತ್ತಲು ಹೋದವನ ಕಣ್ಣಿಗೆ ಮನೆಯ ಜಗಳ, ಕುಡಿತ, ಕಾಯಿಲೆ ಎಲ್ಲ ಬಿದ್ದವು. ವಸೂಲಿಯ ಭೇಟಿಯೇ ಕ್ರಮೇಣ ಆತ್ಮದ ಯೋಗಕ್ಷೇಮ ವಿಚಾರಿಸುವ ಭೇಟಿಯಾಯಿತು. ದೀಕ್ಷೆಯಿಲ್ಲದ ಚಮ್ಮಾರನೂ ನೇಕಾರನೂ ಅಲ್ಲಿ ಮಾರ್ಗದರ್ಶಿಯಾಗಬಹುದಿತ್ತು.

ಮಠದೊಳಗಿನ ಇಗ್ನೇಷಿಯಸ್

ಕಥೋಲಿಕರ ಹಾದಿ ಇನ್ನೊಂದು. ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿ 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಆರಂಭಿಸಿದ್ದರು. ಅದಕ್ಕೂ ಮೊದಲು ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಸನ್ಯಾಸಿಯ ಉಡುಗೆ ತೊಟ್ಟಿದ್ದರು. ದೇಶನೂರಿನ ಕಾವಿ ಆ ಪರಂಪರೆಯ ಮುಂದುವರಿಕೆ.

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ರಚಿಸಿದ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ದೊರೆಯಿತು. ಸುಮಾರು ಮೂವತ್ತು ದಿನಗಳ ಮೌನ ಧ್ಯಾನದ ಕ್ರಮ ಅದರಲ್ಲಿದೆ. ಅದು ನಿಂತಿರುವುದೇ ಸಾಧಕ ಮತ್ತು ಮಾರ್ಗದರ್ಶಿಯ ನಡುವಿನ ದಿನನಿತ್ಯದ ಮಾತಿನ ಮೇಲೆ. ಮಾರ್ಗದರ್ಶಿ ಚಿಕ್ಕದಾಗಿ ವಿಷಯ ಹೇಳಿ ಸರಿಯಬೇಕು. ಮದುವೆಯೋ ಸನ್ಯಾಸವೋ ಎಂಬ ಆಯ್ಕೆಯಲ್ಲಿ ಸಾಧಕನನ್ನು ಯಾವ ಕಡೆಗೂ ವಾಲಿಸದೆ ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕೆಂದು ಇಗ್ನೇಷಿಯಸ್ ಸೂಚಿಸುತ್ತಾರೆ.

ಅಜ್ಜಾರು ಏನು ಹೇಳುತ್ತಾರೋ ಅದೇ ಆಗಲಿ ಎಂದು ಕೈಮುಗಿದು ಕೂತವನೆದುರು ಹೀಗೆ ನಡುವೆ ನಿಲ್ಲುವುದು ಕಷ್ಟದ ಕೆಲಸ. ಕಾವಿ ತರುವ ಗೌರವ ಬಾಗಿಲು ತೆರೆಸುತ್ತದೆ, ತೀರ್ಪನ್ನೂ ಬೇಡುತ್ತದೆ.

ಉತ್ತಂಗಿಯವರ ತಿರುವು

ಈ ಬಿಕ್ಕಟ್ಟನ್ನು ಇನ್ನೊಂದು ತುದಿಯಿಂದ ಹಿಡಿದವರು ರೆವರೆಂಡ್ ಚನ್ನಪ್ಪ ಉತ್ತಂಗಿ (1881–1962). ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಓದಿ ಬಾಸೆಲ್ ಮಿಶನ್ನಿನ ಸಭಾಪಾಲಕರಾದ ಅವರು ಹೂವಿನ ಹಡಗಲಿಯಂಥ ಊರುಗಳಲ್ಲಿ ದುಡಿದರು. ಊರೂರು ಅಲೆದು, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ 1924ರಲ್ಲಿ ಸರ್ವಜ್ಞನ ಸುಮಾರು 2,000 ವಚನಗಳನ್ನು ಪ್ರಕಟಿಸಿದರು. ಸಿದ್ಧರಾಮ, ಮೋಳಿಗೆಯ ಮಾರಯ್ಯ, ಅನುಭವ ಮಂಟಪದ ಐತಿಹಾಸಿಕತೆ ಅವರ ಮುಂದಿನ ಅಧ್ಯಯನಗಳು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿ ಕಲಿಸುವವನು, ಜನ ಕಲಿಯುವವರು ಎಂಬ ಮಿಶನ್ ಠಾಣೆಯ ಏರ್ಪಾಡು ಅವರಲ್ಲಿ ಅದಲುಬದಲಾಯಿತು. ಮಠಗಳ ಜಗಲಿಯಲ್ಲಿ ಶಿಷ್ಯನಾಗಿ ಕೂತು ಕೇಳುವುದು ಅವರ ಪಾಲಿಗೆ ಸಭಾಪಾಲನೆಯ ಅಂಗವೇ ಆಗಿತ್ತು.

ಇನ್ನು ಗುರು ಪೀಠದ ಮೇಲೆ ಎಷ್ಟು ಕಾಲ ಕೂರಬೇಕೆಂಬ ಪ್ರಶ್ನೆ. ಮೆಥೋಡಿಸ್ಟ್ ಕ್ರಮದಲ್ಲಿ ಸಭಾಪಾಲಕರ ನೇಮಕ ಇಂದಿಗೂ ಬಿಷಪರ ಕೈಯಲ್ಲಿದೆ, ವಾರ್ಷಿಕ ಸಮ್ಮೇಳನದಲ್ಲಿ ಅದು ಪ್ರಕಟವಾಗುತ್ತದೆ. ಸೇವೆ ಮುಗಿಯುವ ಹೊತ್ತಿಗೆ ಒಬ್ಬ ಅಯ್ಯನವರು ಹಲವು ಊರು ಕಂಡಿರುತ್ತಾರೆ. ಯೇಸುಸಭೆಯ ಗುರುಗಳಿಗೂ ವರ್ಗಾವಣೆ ತಪ್ಪಿದ್ದಲ್ಲ. ಲಿಂಗಾಯತ ವಿರಕ್ತಮಠದ ಅಜ್ಜಾರಂತೆ ಒಂದೇ ಊರಿನಲ್ಲಿ ಮೂರು ತಲೆಮಾರುಗಳ ಮಕ್ಕಳನ್ನು ಹೆಸರು ಹಿಡಿದು ಕರೆಯುವ ಅವಕಾಶ ಅವರಿಗೆ ಕಡಿಮೆ. ಹೀಗಾಗಿ ಕ್ರೈಸ್ತ ಸಭೆಗಳಲ್ಲಿ ದೀರ್ಘಕಾಲದ ಒಡನಾಟದ ಭಾರ ಸಭೆಯ ಹಿರಿಯರು, ಭಾನುವಾರದ ಶಾಲೆಯ ಶಿಕ್ಷಕಿಯರು, ಸ್ತ್ರೀಸಮಾಜದ ತಾಯಂದಿರ ಮೇಲೆ ಬೀಳುತ್ತದೆ. ಅವರಿಗೆ ಸೆಮಿನರಿಯ ತರಬೇತಿಯಿಲ್ಲ, ಸಂಬಳವಿಲ್ಲ, ಮಿಶನ್ನಿನ ಇತಿಹಾಸಗಳಲ್ಲಿ ಅಧ್ಯಾಯವೂ ಇಲ್ಲ. ಉಪದೇಶಿಗಳ ಕಾಲದಿಂದ ಇಲ್ಲಿಯವರೆಗೆ ಈ ಸೀಮೆಯ ಹಳ್ಳಿಯ ಸಭೆಗಳು ನಿಂತದ್ದು ಹೆಚ್ಚಾಗಿ ಅವರ ಕೆಲಸದ ಮೇಲೆ.