ಗೌರಿಬಿದನೂರು ಸೀಮೆಯಲ್ಲಿ ಎಂಟನೆಯ ತರಗತಿ: ಮಾಧ್ಯಮಿಕ ಶಾಲೆಗಳ ಇತಿಹಾಸದಲ್ಲೊಂದು ವಿಚಾರ

ಸಣ್ಣ ಊರಿನ ಸರ್ಕಾರಿ ಮಾಧ್ಯಮಿಕ ಶಾಲೆಗೆ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ತೇರ್ಗಡೆಯಾದರು ಎಂಬ ಅಂಕಿಗಳನ್ನು ದಶಕದಿಂದ ದಶಕಕ್ಕೆ ಹೋಲಿಸಿ ವಿದ್ಯಾಭಿವೃದ್ಧಿಯನ್ನು ನಿರ್ಣಯಿಸುವುದು ವಾಡಿಕೆಯಾಗಿದೆ. ಆದರೆ ‘ಮಾಧ್ಯಮಿಕ ಶಾಲೆ’ ಎಂಬ ಹೆಸರು ಆಯಾ ಕಾಲದಲ್ಲಿ ಯಾವ ತರಗತಿಗಳಿಗೆ ಸಲ್ಲುತ್ತಿತ್ತೆಂಬುದನ್ನು ಮೊದಲು ನಿಶ್ಚಯಿಸದೆ ಇಂತಹ ಹೋಲಿಕೆಗೆ ತೊಡಗುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ಗೌರಿಬಿದನೂರು ತಾಲ್ಲೂಕು ಹಳೆಯ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಸಂಸ್ಥಾನದ ಕಾಲದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ನಾಲ್ಕು ವರ್ಷ, ಮಾಧ್ಯಮಿಕಕ್ಕೆ ನಾಲ್ಕು ವರ್ಷ, ಅದರ ಮೇಲೆ ಪ್ರೌಢಶಾಲೆ ಎಂಬ ಕ್ರಮವಿತ್ತು. ಎಂದರೆ ಎಂಟನೆಯ ತರಗತಿಯು ಮಾಧ್ಯಮಿಕ ಶಾಲೆಯ ಕೊನೆಯ ಮೆಟ್ಟಿಲು. ಹಳ್ಳಿಯ ಬಹುಪಾಲು ಮಕ್ಕಳಿಗೆ ವಿದ್ಯಾಭ್ಯಾಸದ ಕೊನೆಯೂ ಅದೇ ಆಗಿತ್ತು, ಅಷ್ಟು ದೂರ ಬಂದವರಿಗೆ. ಆಂಧ್ರದ ಗಡಿಗೆ ಹೊಂದಿದ ಈ ಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಮಾಧ್ಯಮಿಕ ಹಂತದಲ್ಲಿ ಇಂಗ್ಲಿಷ್ ಮೂರನೆಯದಾಗಿ ಬಂದು ಸೇರುತ್ತಿತ್ತು. ತೇರ್ಗಡೆಯ ಲೆಕ್ಕವನ್ನು ನೋಡುವವರು ಈ ಭಾರವನ್ನು ಮರೆಯಬಾರದು.

ಎಂಟನೆಯ ತರಗತಿಯಿಂದಾಚೆಗಿನ ದಾರಿ ಎಂತಹುದೆಂಬುದಕ್ಕೆ ಇದೇ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರ ಬಾಲ್ಯವೇ ಸಾಕ್ಷಿ. ಬಡ ಕುಟುಂಬದ ಈ ಹುಡುಗ ಎಂಟನೆಯ ತರಗತಿಯನ್ನು ಮುಗಿಸಿ, 1935ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಲು ಸುಮಾರು 85 ಕಿಲೋಮೀಟರು ದೂರವನ್ನು ಎರಡು ದಿನ ಕಾಲ್ನಡಿಗೆಯಿಂದಲೇ ಕ್ರಮಿಸಿದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದುದನ್ನು ಎಲ್ಲರೂ ಬಲ್ಲರು. ನಡೆಯಲಾರದೆ ಊರಿನಲ್ಲಿಯೇ ಉಳಿದ ಸಹಪಾಠಿಗಳು ಯಾವ ಚರಿತ್ರೆಯಲ್ಲಿಯೂ ಇಲ್ಲ. ಶಾಲೆಯ ದಾಖಲೆಯ ದೃಷ್ಟಿಯಿಂದ ಇಬ್ಬರೂ ಸಮಾನರೇ: ಮಾಧ್ಯಮಿಕ ಶಿಕ್ಷಣವನ್ನು ಪೂರೈಸಿದವರು.

1956ರ ರಾಜ್ಯ ಪುನರ್ವಿಂಗಡಣೆಯ ಅನಂತರ ಏಳು ವರ್ಷಗಳ ಪ್ರಾಥಮಿಕ ಶಿಕ್ಷಣಪದ್ಧತಿ ರೂಪುಗೊಂಡಿತು. ಹಳೆಯ ಮಾಧ್ಯಮಿಕ ಶಾಲೆಯ ಮೊದಲ ಮೂರು ತರಗತಿಗಳು ‘ಹಿರಿಯ ಪ್ರಾಥಮಿಕ’ವೆನಿಸಿದುವು, ಎಂಟನೆಯದು ಪ್ರೌಢಶಾಲೆಗೆ ಸಂದಿತು. ಮೊದಲು ಕೊನೆಯಾಗಿದ್ದುದು ಈಗ ಆರಂಭವಾಯಿತು. ಆದುದರಿಂದ 1935ರ ಎಂಟನೆಯ ತರಗತಿಯ ವಿದ್ಯಾರ್ಥಿಸಂಖ್ಯೆಗೂ 1965ರ ಸಂಖ್ಯೆಗೂ ಹೆಸರು ಒಂದೇ ಆದರೂ ಅರ್ಥ ಬೇರೆ. ಮೊದಲನೆಯದು ಒಂದೇ ಶಾಲೆಯಲ್ಲಿ ಎಷ್ಟು ಮಂದಿ ಉಳಿದರೆಂಬುದನ್ನು ತಿಳಿಸುತ್ತದೆ. ಎರಡನೆಯದು ಎಷ್ಟು ಮಂದಿ ಇನ್ನೊಂದು ಶಾಲೆಯನ್ನು, ಅನೇಕ ವೇಳೆ ಇನ್ನೊಂದು ಊರನ್ನು, ತಲುಪಿದರೆಂಬುದನ್ನು. 1961ರ ಕಡ್ಡಾಯ ಶಿಕ್ಷಣದ ಕಾನೂನು ಮೊದಲು ಅನ್ವಯವಾದದ್ದು 6ರಿಂದ 11 ವಯಸ್ಸಿನ ಮಕ್ಕಳಿಗೆ. ಈ ದಾಟುವಿಕೆ ಅದರ ವ್ಯಾಪ್ತಿಯ ಹೊರಗೇ ಉಳಿಯಿತು.

ದಾಟುವ ಕಷ್ಟವು ಆಡಳಿತದ ಗಮನಕ್ಕೆ ಬಾರದೆ ಇರಲಿಲ್ಲ. 2006-07ರಲ್ಲಿ ಆರಂಭವಾದ ಸರ್ಕಾರಿ ಬೈಸಿಕಲ್ ವಿತರಣೆ, ಮೊದಲು ಹೆಣ್ಣುಮಕ್ಕಳಿಗೆ, ಮುಂದೆ ಗಂಡುಮಕ್ಕಳಿಗೂ, ಎಂಟನೆಯ ತರಗತಿಯವರಿಗೇ ಸಂದದ್ದು ಆಕಸ್ಮಿಕವಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಎಂಟನೆಯ ತರಗತಿಯನ್ನು ಮರಳಿ ಪ್ರಾರಂಭಿಕ ಶಿಕ್ಷಣದೊಳಕ್ಕೆ ತಂದಿತು. ರಾಜ್ಯದ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಆ ತರಗತಿ ಸೇರಿತು. ಉಳಿದೆಡೆಗಳಲ್ಲಿ ಏಳನೆಯದನ್ನು ಮುಗಿಸಿದ ಮಗು ಈಗಲೂ ವರ್ಗಾವಣೆ ಪತ್ರವನ್ನು ಪಡೆದು ಬೇರೆ ಶಾಲೆಗೆ ಹೋಗಬೇಕಾಗಿದೆ.